ಹೂಂ ಅಂದವಳ ಪರವಾಗಿ

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸಿದ ವಕೀಲ ಪರಮಶಿವಪ್ಪನವರೇ, ಶಿಕಾರಿಪುರದ ಹಿರಿಯರೇ, ನನ್ನೊಡನೆ ಸೊರಬದಿಂದ ಬಸ್ಸಿನಲ್ಲಿ ಬಂದಿರುವ ಮಹಿಳಾ ಸಮಾಜದ ಸೋದರಿಯರೇ, ಸಭಿಕರೇ,

ಈಗ ಹೇಳಲಿರುವುದನ್ನು ಬಿಟ್ಟೇಬಿಡೋಣ ಎಂದುಕೊಂಡಿದ್ದೆ. ಹಾರ ಹಾಕಿಸಿಕೊಂಡು ಕೂತವರ ಮುಂದೆ ಇಂಥದ್ದನ್ನು ಎತ್ತುವುದು ಸಭ್ಯತೆಯೇ? ಅಲ್ಲವೆಂದೇ ನನ್ನ ಓದು ಹೇಳುತ್ತದೆ. ಆದರೆ ಹಿಂದೆ ಮಾತಾಡಿದವರು 'ಬಡವರ ಬಂಧು' ಎಂದಾಗಲೆಲ್ಲ ನೀವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಕೈ ಉರಿಯಿತು.

ಪರಮಶಿವಪ್ಪನವರು ಬಡವರ ಒಂದು ಕಾಸನ್ನೂ ಮುಟ್ಟಿದವರಲ್ಲ. ನಿಜ. ಬಡವರ ಕಾಗದಗಳನ್ನೂ ಮುಟ್ಟಿದವರಲ್ಲ, ಅದೂ ನಿಜವೇ.

ಹೊಸಬಾಳೆಯ ದುರ್ಗಮ್ಮನ ಮೊಕದ್ದಮೆಯನ್ನು ಅವರು ಧರ್ಮಕ್ಕೆ ಹಿಡಿದಿದ್ದರು. ಸಾಹುಕಾರರೊಬ್ಬರ ಬಚ್ಚಲಿನಿಂದ ಹಾಡಹಗಲೇ ತಾಮ್ರದ ಹಂಡೆ ಕದ್ದಳೆಂದು ಆರೋಪ. ಇಬ್ಬರು ಗಂಡಸರು ಏದುಸಿರು ಬಿಟ್ಟು ಎತ್ತಬೇಕಾದ ಹಂಡೆ. ದುರ್ಗಮ್ಮ ನನ್ನ ಭುಜಕ್ಕೂ ಬರುವುದಿಲ್ಲ. ಹೇಗೆ ಒಯ್ದಳು, ಸೆರಗಿನಲ್ಲಿ ಕಟ್ಟಿಕೊಂಡಳೇ? ಕೇಳಬೇಕಾದವರು ಕೇಳಲಿಲ್ಲ. ಆ ಹಗಲೆಲ್ಲ ಆಕೆ ಸೊರಬದ ನಮ್ಮ ಮನೆಯಲ್ಲಿ ಭತ್ತ ಕುಟ್ಟುತ್ತಿದ್ದಳು. ಅದನ್ನು ಹೇಳಲೆಂದೇ ನಾನು ಕೋರ್ಟಿಗೆ ಹೋಗಿದ್ದೆ. "ಹೊರಗ್ ಕೂತಿರ್ರಿ ಅಮ್ಮಾರೆ, ಕರಸ್ತೀನಿ" ಎಂದರು ವಕೀಲರು. ಇನ್ನೂ ಕರೆಸಿಲ್ಲ.

ಕಾದು ಸಾಕಾಗಿ ಬಾಗಿಲಲ್ಲಿ ನಿಂತೆ. ಮ್ಯಾಜಿಸ್ಟ್ರೇಟರು ಕೇಳುತ್ತಿದ್ದರು:

"ನೋಡಮ್ಮ, ಸಾಹುಕಾರರ ಬಚ್ಚಲಿಗೆ ನುಗ್ಗಿದ್ದೀಯ."

"ಹೂಂ."

"ಹಂಡೆ ಕದ್ದಿದ್ದೀಯ ಅಂತ ಆರೋಪ."

"ಹೂಂ."

"ತಪ್ಪು ಒಪ್ತೀಯಾ?"

"ಹೂಂ, ಮುಂದ್ ಹೇಳ್ರಿ ಸ್ವಾಮಿ."

ಮುಂದೆ ಹೇಳಿದ್ದು ಆರು ತಿಂಗಳ ಸಜೆ.

ಸಭಿಕರೇ, ನಮ್ಮ ಕಡೆ ಹಿರಿಯರು ಮಾತಾಡುವಾಗ ಹೂಂ ಅನ್ನದಿದ್ದರೆ ಅಹಂಕಾರ. ನಾನು ಓದಿದ ಕಾನ್ವೆಂಟಿನಲ್ಲಿ ಹೂಂ ಅಂದರೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು. ಮದುವೆಯಾಗಿ ಸೊರಬಕ್ಕೆ ಬಂದಾಗ ನಮ್ಮ ಅತ್ತೆ ಮಹಾದೇವಮ್ಮನವರು ಏನು ಹೇಳಿದರೂ ಸುಮ್ಮನೆ ಮುಖ ನೋಡುತ್ತಿದ್ದೆ. "ಹೂಂ ಅನ್ನೇ ಮಾರಾಯ್ತಿ, ಗೋಡೆಗೆ ಹೇಳ್ದಂಗಾಗ್ತದೆ" ಎಂದು ಸಿಡುಕುತ್ತಿದ್ದರು. ಕಲಿಯಲು ಎರಡು ವರ್ಷ ಹಿಡಿಯಿತು. ನಮ್ಮ ಯಜಮಾನರು ಮಾತಾಡುವುದೇ ಅಪರೂಪವಾದ್ದರಿಂದ ಅಭ್ಯಾಸಕ್ಕೆ ಅವಕಾಶವೂ ಇರಲಿಲ್ಲ. ಇರಲಿ, ಅದು ಬೇರೆ ಭಾಷಣ.

ದುರ್ಗಮ್ಮನ ಹೂಂಗೆ 'ಕೇಳಿಸುತ್ತಿದೆ' ಎಂದರ್ಥ, 'ಕದ್ದೆ' ಎಂದಲ್ಲ. ಇಂಗ್ಲಿಷು ಓದಿದ ನನಗೇ ಗೊತ್ತಾದದ್ದು ಇಲ್ಲೇ ಹುಟ್ಟಿ ಬೆಳೆದ ವಕೀಲರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎದ್ದು ನಿಂತು ಒಂದು ಮಾತು ಹೇಳಲಿಲ್ಲ, ಅಷ್ಟೆ. ಹೊರಗೆ ಬಂದು ನನಗೆ ಹೇಳಿದರು: "ಅವಳೇ ಹೂಂ ಅಂದ್ಮ್ಯಾಲೆ ನಾನೇನ್ರೀ ಮಾಡ್ಲಿ? ಧರ್ಮದ ಕೇಸು. ಇಷ್ಟಾದ್ರೂ ಬಂದು ಕೂತಿದ್ನಲ್ಲ!"

ಬಂಧನಕ್ಕೊಳಗಾದವರಿಗೆ ತಮ್ಮ ಆಯ್ಕೆಯ ವಕೀಲರ ಮೂಲಕ ವಾದಿಸುವ ಹಕ್ಕಿದೆ ಎನ್ನುತ್ತದೆ ನಮ್ಮ ಸಂವಿಧಾನ. ನಾನೇ ತಪ್ಪು ತಿಳಿದಿರಬಹುದೇನೋ ಎಂದು ಮತ್ತೆ ಮತ್ತೆ ಓದಿದೆ. ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕು ಎಂದು ಎಲ್ಲೂ ಬರೆದಿಲ್ಲ. ಕೂತಿದ್ದಕ್ಕೇ ಸನ್ಮಾನವಾದರೆ ಕೋರ್ಟಿನ ಬೆಂಚಿಗೂ ಒಂದು ಶಾಲು ಹೊದಿಸಬೇಕಾದೀತು. ಅದು ಇವರಿಗಿಂತ ಹೆಚ್ಚು ಹೊತ್ತು ಅಲ್ಲಿರುತ್ತದೆ.

ಪೊಲೀಸರು ಕರೆದೊಯ್ಯುವಾಗ ದುರ್ಗಮ್ಮ ನನ್ನನ್ನು ಕೇಳಿದಳು: "ಅವರ್ದೆಲ್ಲ ಮುಗೀತಲ್ರಿ ಅಮ್ಮಾರೆ, ನನ್ ಮಾತು ಯಾವಾಗ ಕೇಳ್ತಾರೆ?"

ನಾನೂ ಹೂಂ ಎಂದೆ.

ಈಗ ಶಿವಮೊಗ್ಗದ ಇನ್ನೊಬ್ಬ ವಕೀಲರು ಮೇಲಿನ ಕೋರ್ಟಿಗೆ ಅರ್ಜಿ ಹಾಕಲು ಒಪ್ಪಿದ್ದಾರೆ. ವಿಚಾರಣೆ ಮೊದಲಿನಿಂದ ನಡೆಯಬೇಕು, ದುರ್ಗಮ್ಮನ ಮಾತನ್ನು ಯಾರಾದರೂ ಕೇಳಬೇಕು. ನನ್ನ ಹೇಳಿಕೆ ಬರೆದಾಗಿದೆ. ಆಕೆ ತಪ್ಪು ಒಪ್ಪಿಕೊಂಡಿರಲಿಲ್ಲ, ಮಾತಿಗೆ ಹೂಂಗುಟ್ಟುತ್ತಿದ್ದಳು ಎಂದು ಪರಮಶಿವಪ್ಪನವರ ಹೇಳಿಕೆಯೂ ಬೇಕು. ಕಳೆದ ವಾರ ಕೇಳಿದಾಗ ಸನ್ಮಾನದ ಗಡಿಬಿಡಿ ಎಂದರು. ಗಡಿಬಿಡಿ ಮುಗಿಯಿತು. ಕಾಗದವನ್ನು ಅವರ ಮುಂದಿನ ಮೇಜಿನ ಮೇಲೆ ಇಟ್ಟಿದ್ದೇನೆ. ಪೆನ್ನು ಅಧ್ಯಕ್ಷರ ಜೇಬಿನಲ್ಲಿದೆ. ಹಾರ ತೆಗೆಯುವ ಅಗತ್ಯವಿಲ್ಲ.

ಇಂದು ನನ್ನನ್ನು ಕರೆಸಿದ್ದಕ್ಕೆ, ಇನ್ನೆಂದೂ ಕರೆಸದಿದ್ದರೂ ಸರಿಯೇ, ನಿಮಗೆಲ್ಲ ವಂದನೆ, ನಮಸ್ಕಾರ. ಸಹಿ ಬೀಳಲಿ, ಬೀಳದಿರಲಿ, ಕಾಗದಗಳನ್ನು ಶಿವಮೊಗ್ಗಕ್ಕೆ ಅಂಚೆಗೆ ಹಾಕುವ ದಿನ ಸೋಮವಾರ, ೧೯೫೮ನೇ ಇಸವಿ ನವೆಂಬರ್ ಹದಿನೇಳು.