ಕಂಬಿಯ ಕೆಳಗಿನ ಬಿಲ್ಲೆಗಳು

ಬಸ್ಸಿನ ಸಾಲಿನಲ್ಲಿ ಅಕ್ಕನೊಬ್ಬಳು ತನ್ನ ಮನೆ ಕಟ್ಟುತ್ತಿದ್ದ ಕಂಟ್ರಾಕ್ಟರ್ ತಮ್ಮನನ್ನು ವಿಚಾರಿಸುತ್ತಿದ್ದಳು. ಹಿಂದಿದ್ದ ವೃದ್ಧರೊಬ್ಬರು ಓದುತ್ತಿದ್ದ ಗ್ರಂಥದಿಂದ ಕಣ್ಣೆತ್ತದೆಯೇ ಕಿವಿಗೊಟ್ಟರು.

“ನಾನು ಬರೋ ಮುಂಚೆನೇ ಮನೆ ತಳಕ್ಕೆ ಕಾಂಕ್ರೀಟ್ ಯಾಕೋ ಸುರಿಸಿದೆ?”

“ಮೋಡ ಕವಿದಿತ್ತು, ಅಕ್ಕ.”

“ಕಂಬಿ ಮಣ್ಣಿಗೆ ತಾಗಿದ್ರೆ ತುಕ್ಕು ಹಿಡಿದು ನೆಲ ಬಿರಿಯುತ್ತೆ ಅಂತ ಇಂಜಿನಿಯರ್ ಬಡ್ಕೊಂಡಿದ್ರು. ಕಂಬಿ ಕೆಳಗೆ ಸಿಮೆಂಟ್ ಬಿಲ್ಲೆ ಕೊಟ್ಟು ಎತ್ತಿದ್ಯಾ?”

“ನಾನೇ ಕೈಯಾರೆ ಇಟ್ಟೆ. ಒಡಹುಟ್ಟಿದವನ ಮೇಲೂ ಅನುಮಾನಾನಾ?”

“ನಾನು ಕೊಂಡಿದ್ದ ಬಿಲ್ಲೆಗಳನ್ನೇ?”

“ಅವನ್ನೇ, ನಿನ್ನಾಣೆ!”

ಬಸ್ಸು ಬಂದಿತು. ಅಕ್ಕನ ಚೀಲವನ್ನು ಎತ್ತಹೋದ ತಮ್ಮ ಮುಗ್ಗರಿಸಿದ.

“ಏನಕ್ಕ ಇದು, ಕಲ್ಲು ತುಂಬಿದ್ದೀಯಾ?”

“ಅದೇ ಬಿಲ್ಲೆಗಳು ಕಣೋ. ನಿನಗೆ ಕೊಡೋಕೇ ತಂದಿದ್ದೆ.”

ತಮ್ಮ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

“ಹೊತ್ಕೋ. ಇಂಜಿನಿಯರ್ ಮನೆವರೆಗೂ ನೀನೇ ಹೊರಬೇಕು,” ಎನ್ನುತ್ತ ಅವಳು ಬಸ್ಸು ಹತ್ತಿದಳು.