ಬೈಯದ ಕೋಚ್ ಮೇಲೊಂದು ದೂರು

ಈ ವ್ಯಾಯಾಮಶಾಲೆಯ ಅಧ್ಯಕ್ಷರಾದ ಭೀಮಾಶಂಕರರೇ, ವೇದಿಕೆಯ ಮೇಲಿನ ಹಿರಿಯರೇ, ಉಮರ್ಗಾ, ನಿಲಂಗಾ, ಉದಗೀರಗಳಿಂದ ಬಂದು ಇಂದು ಕೋಚ್ ಎಂಬ ಪ್ರಮಾಣಪತ್ರ ಪಡೆಯಲಿರುವ ಹದಿನಾಲ್ಕು ಮಂದಿ ತರುಣ ತರುಣಿಯರೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದು ಹೋಗದ ಸಭಿಕರೇ,

ಮರಾಠಿಯಲ್ಲಿ ಮಾತಾಡಿ ಎಂದು ಹೇಳಿದ್ದರು. ಬೈಯುವುದಕ್ಕೂ ತಪ್ಪೊಪ್ಪಿಕೊಳ್ಳುವುದಕ್ಕೂ ನನಗೆ ಕನ್ನಡವೇ ಬೇಕು. ಅರ್ಥವಾಗದವರಿಗೆ ಪಕ್ಕದವರು ಹೇಳುತ್ತಾರೆ.

ತೂಕ ಇಳಿಸಿದ ಸಾಧಕ ಎಂದು ನನ್ನನ್ನು ಕರೆದಿದ್ದೀರಿ. ಬಾಗಿಲಲ್ಲಿ ನನ್ನ ಹಳೆಯ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಹಾಕಿದ್ದೀರಿ. ಹಳೆಯದರಲ್ಲಿ ನಾನು ಹೆಚ್ಚು ಸುಖವಾಗಿ ಕಾಣುತ್ತೇನೆ ಎಂದು ನನ್ನ ಹೆಂಡತಿ ಶರಣಬಸಮ್ಮ ಹೇಳಿದಳು. ಸುಖವಾಗಿದ್ದೆನೆ? ಕೇಳಿ.

ನಾನು ಮರುಳಸಿದ್ಧಯ್ಯ, ಜಂಗಮ. ನಲವತ್ತೆರಡು ಮನೆಗಳ ಪೂಜೆ ನನ್ನದು. ಶ್ರಾವಣ ಸೋಮವಾರ ಒಂದೇ ದಿನ ಐದು ಮನೆ. ಪೂಜೆ ಮುಗಿದರೆ ಎಲೆ ಹಾಕುತ್ತಾರೆ. ಅಯ್ಯನವರು ಉಣ್ಣದೆ ಎದ್ದರೆ ಆ ಮನೆಯವರಿಗೆ ಪೂಜೆ ಮುಟ್ಟಲಿಲ್ಲ ಎಂಬ ಅಳುಕು. ನಾನು ಐದೂ ಮನೆಯ ಅಳುಕು ತೆಗೆಯುತ್ತಿದ್ದೆ. ತೊಂಬತ್ತೆಂಟು ಕಿಲೋ ಆದೆ.

ಎರಡು ವರ್ಷದ ಹಿಂದೆ ಗುಂಜೋಟಿಯ ಕಾಶೆಪ್ಪನ ಮನೆಯಲ್ಲಿ ಪೂಜೆ ಮುಗಿಸಿ ಮಣೆಯಿಂದ ಏಳಲು ಹೋದೆ, ಏಳಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಕಾಶೆಪ್ಪ ಮೆಲ್ಲಗೆ ಅಂದ: "ಅಯ್ನೋರ, ಮುಂದಿನ ವರ್ಷ ಕುರ್ಚಿ ಹಾಕಲೇನ್ರೀ?" ಕುರ್ಚಿಯ ಮೇಲೆ ಕೂತು ಲಿಂಗಪೂಜೆ! ನಾನು ಬೈದು ಬಂದೆ. ಮರುವಾರ ಇಲ್ಲಿ ಹೆಸರು ಹಚ್ಚಿದೆ.

ಇಲ್ಲಿ ಬೆಳಗಿನ ಬ್ಯಾಚಿನ ಕೋಚ್ ಶುಭಾಂಗಿ ಇದ್ದಳು. ಅಲ್ಲಿ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬ ಚಾರ್ಟ್ ಕೇಳಿದೆ. ಅವಳು ಚಾರ್ಟ್ ಕೊಡಲಿಲ್ಲ. "ಅಯ್ನೋರ, ತೂಕ ಇಳದ್ರ ಏನ ಮಾಡ್ಬೇಕಂತೀರಿ?" ಎಂದಳು. ಏನು ಮಾಡಬೇಕೆಂದು ಹೇಳಲು ಬಂದವಳು ನನ್ನನ್ನೇ ಕೇಳುವುದೆ? ಒಮ್ಮೆ ಸುಳ್ಳು ಹೇಳಿದೆ: ಎರಡೇ ರೊಟ್ಟಿ ತಿಂದೆ ಎಂದೆ. ಅವಳು ಬೈಯಲಿಲ್ಲ. ಒಂದು ಸೋಮವಾರ ನಾನು ಬರಲಿಲ್ಲ. ಬೈಯಲಿಲ್ಲ. ಡಾಕ್ಟರು ಬೈದರೆ, ಹೆಂಡತಿ ಬೈದರೆ ನನಗೆ ಸಮಾಧಾನ. ಬೈಸಿಕೊಂಡದ್ದಾಯಿತು, ಶಿಕ್ಷೆ ಮುಗಿಯಿತು, ಇನ್ನು ಉಣ್ಣಬಹುದು. ಈ ಹುಡುಗಿ ನನ್ನ ತಪ್ಪನ್ನು ನನ್ನ ಕೈಯಲ್ಲೇ ಬಿಟ್ಟು ಹೋಗುತ್ತಿದ್ದಳು.

ಸಿಟ್ಟು ಬಂತು. ಈ ಕೋಚ್ ಬೈಯುವುದೇ ಇಲ್ಲ ಎಂದು ಅಧ್ಯಕ್ಷರಿಗೆ ದೂರು ಬರೆದೆ.

ಸಭಿಕರೇ, ಮೂವತ್ತು ವರ್ಷದಿಂದ ನಾನು ದೂರು ಬರೆಯುತ್ತಿದ್ದೇನೆ. ಹೆದ್ದಾರಿಯ ಗುಂಡಿಗೆ ಬರೆದೆ, ಮುಚ್ಚಿತೆ? ನಮ್ಮ ಓಣಿಯ ದೀಪಕ್ಕೆ ಹನ್ನೊಂದು ಸಲ ಬರೆದೆ, ಹತ್ತಿತೆ? ಜೀವಮಾನದಲ್ಲಿ ನನ್ನ ಒಂದೇ ಒಂದು ಪತ್ರಕ್ಕೆ ಎಂಟು ದಿನದೊಳಗೆ ಕ್ರಮ ಆಯಿತು. ಶುಭಾಂಗಿಯಿಂದ ಬೆಳಗಿನ ಬ್ಯಾಚ್ ಕಿತ್ತುಕೊಂಡರು! ಅವಳೇ ಮನೆ ಮನೆಗೆ ಹೋಗಿ ಮಾತಾಡಿಸಿ ಕಟ್ಟಿದ ಬ್ಯಾಚು. ಅವಳಿಗೆ ಮಧ್ಯಾಹ್ನದ ಖಾಲಿ ಹೊತ್ತು ಕೊಟ್ಟರು.

ಬೆಳಗಿನ ಬ್ಯಾಚಿಗೆ ಸೀಟಿ ಊದುವ ಒಬ್ಬ ಮಹಾಶಯ ಬಂದ. ಎಲ್ಲರ ತೂಕವನ್ನೂ ಗೋಡೆಗೆ ಬರೆದ. ನನ್ನ ಹೆಸರು ಎಲ್ಲಕ್ಕಿಂತ ಮೇಲೆ! "ಹಸಿವು ಅಂದ್ರ ಸೋಮಾರಿತನ್ರೀ" ಎಂದ. ಅಯ್ಯಾ, ಹಸಿವಿಗೆ ಈ ದೇಶದಲ್ಲಿ ಬೇರೆ ಹೆಸರುಗಳೂ ಇವೆ! ನಾನು ಕೇಳಿದ್ದ ಬೈಗುಳ ನನಗೆ ಸಿಕ್ಕಿತು. ಮೂರು ವಾರಕ್ಕೆ ಹೋಗುವುದನ್ನೇ ಬಿಟ್ಟೆ. ನನ್ನಂತೆ ಇನ್ನೂ ಹನ್ನೆರಡು ಜನ ಬಿಟ್ಟರು.

ಆಗ ಶುಭಾಂಗಿಯ ಫೋನ್ ಬಂತು. "ಅಯ್ನೋರ, ನೀವ್ ಬರದ್ದು ಓದೀನ್ರೀ. ಅಕ್ಷರ ಭಾಳ ಚಂದ ಅವ. ಮೊಣಕಾಲ ಹೆಂಗವ?"

ಮಧ್ಯಾಹ್ನ ಹೋದೆ.

ತರುಣರೇ, ಇಲ್ಲಿಂದ ಬರೆದುಕೊಳ್ಳಿ. ಅವಳು ಕೇಳಿದಳು: "ನಿಮ್ಮಿಂದ ಆಗ್ತದಂತ ಹತ್ತರಾಗ ಎಷ್ಟ ಭರೋಸಾ?" ನನ್ನ ಲೆಕ್ಕ ಹಳೆಯದು, ರೂಪಾಯಿಯಲ್ಲಿ ನಾಲ್ಕಾಣೆ ಎಂದೆ. ನೀವಾಗಿದ್ದರೆ ಹದಿನಾರಾಣೆ ಯಾಕಿಲ್ಲ ಎಂದು ಕೇಳುತ್ತಿದ್ದಿರಿ. ಅವಳು, "ಒಂದಾಣೆ ಯಾಕಲ್ರೀ?" ಎಂದಳು. ಯೋಚಿಸಬೇಕಾಯಿತು. ಕೈಕಾಲು ಇನ್ನೂ ಆಡುತ್ತವೆ ಎಂದೆ. ನಮ್ಮಪ್ಪ ಎಪ್ಪತ್ತೆಂಟರಲ್ಲೂ ಮಣೆಯಿಂದ ತಾನೇ ಏಳುತ್ತಿದ್ದ ಎಂದೆ. "ಅವ್ರು ಐದ ಮನ್ಯಾಗ ಹೆಂಗ ಉಣ್ತಿದ್ದರ್ರೀ?" ಎಂದಳು.

ಅಪ್ಪ ಐದು ಮನೆಯಲ್ಲಿ ಉಣ್ಣುತ್ತಲೇ ಇರಲಿಲ್ಲ. ಒಂದು ಮನೆಯಲ್ಲಿ ಉಂಡು, ಉಳಿದ ಮನೆಗಳಲ್ಲಿ ಒಂದು ಬಾಳೆಹಣ್ಣು ಮುಟ್ಟಿ ಹರಸಿ ಬರುತ್ತಿದ್ದ. ಮನೆಯಿಂದ ಮನೆಗೆ ನಡೆದೇ ಹೋಗುತ್ತಿದ್ದ. ಐದೂ ಎಲೆ ಖಾಲಿ ಮಾಡುವ ಸಂಪ್ರದಾಯವನ್ನು ಶುರು ಮಾಡಿದವನು ನಾನೇ! ಬಾಯಿರುಚಿಗೆ ಭಕ್ತರ ಅಳುಕಿನ ಹೊದಿಕೆ ಹೊದಿಸಿದ್ದೆ. ಇದನ್ನು ಹೇಳುವ ಉದ್ದೇಶ ಇರಲಿಲ್ಲ, ಬಾಯಿಗೆ ಬಂತು. ಇರಲಿ.

ಅಂದಿನಿಂದ ಹೊಸ್ತಿಲು ದಾಟುವ ಮೊದಲೇ, ಎಲೆ ಹಾಕುವ ಮೊದಲೇ, "ಇವತ್ತ ಹಣ್ಣಷ್ಟೇ ತಾಯಿ" ಎನ್ನತೊಡಗಿದೆ. ದೇವಣಿಯಲ್ಲಿ ಒಂದು ಮದುವೆ ಮನೆಯಲ್ಲಿ ಮಾತ್ರ ಜಾರಿದೆ. ನಾಲ್ಕು ಹೋಳಿಗೆ, ತುಪ್ಪದಲ್ಲಿ ಮುಳುಗಿದ್ದವು. ನಾಚಿಕೊಂಡು ಬಂದು ಹೇಳಿದೆ. ಅವಳು ಕಣ್ಣರಳಿಸಿ, "ಐದನೇ ಹೋಳಿಗಿಗೆ ಬ್ಯಾಡ ಅಂದ್ರೇನ್ರೀ? ಹೆಂಗ ಅಂದ್ರಿ?" ಎಂದಳು. ಸೋತವನ ಚೀಲದಲ್ಲೂ ಒಂದು ಗೆಲುವು ಹುಡುಕುವವಳು!

ಹೋದ ಶ್ರಾವಣದಲ್ಲಿ ಕಾಶೆಪ್ಪನ ಮನೆಯಲ್ಲಿ ನಾನೇ ಎದ್ದೆ. ಮಣೆ ಕೂಡ ಅಲ್ಲಾಡಲಿಲ್ಲ.

ಆದ್ದರಿಂದ ಅಧ್ಯಕ್ಷರೇ, ಶಾಲು ಹೊದಿಸುವ ಮೊದಲು ಇದನ್ನು ತೆಗೆದುಕೊಳ್ಳಿ. ನನ್ನ ನಲವತ್ತೆರಡು ಮನೆಗಳಲ್ಲಿ ಹನ್ನೆರಡನೆಯದರ ಯಜಮಾನರು ನೀವು, ಇಲ್ಲ ಅನ್ನಲಾರಿರಿ. ನನ್ನ ದೂರನ್ನು ನಾನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂಬ ಪತ್ರ ಇದು. ಬೆಳಗಿನ ಬ್ಯಾಚ್ ಶುಭಾಂಗಿಗೆ ಮರಳಲಿ. ನೀವು ತಲೆ ಆಡಿಸಿದ್ದನ್ನು ಇನ್ನೂರು ಜನ ನೋಡಿದ್ದಾರೆ. ಚಪ್ಪಾಳೆ!

ಸೋಮವಾರ ಬೆಳಿಗ್ಗೆ ಐದಕ್ಕೇ ಶುರುವಾಗಲಿ...

ನೋಡಿ, ಮತ್ತೆ ನಾನೇ ಅಪ್ಪಣೆ ಕೊಡುತ್ತಿದ್ದೇನೆ. ಅವಳನ್ನು ಯಾರು ಕೇಳಿದರು? ಶುಭಾಂಗಿ, ಅವ್ವಾ, ನಿನಗೆ ಆ ಬ್ಯಾಚ್ ಬೇಕೇನು?

ಆರು ಬೆರಳು ತೋರಿಸುತ್ತಿದ್ದಾಳೆ. ಐದಕ್ಕಲ್ಲ, ಆರಕ್ಕೆ. ಯಾಕೆ? ಮುಂದಿನ ಸಾಲಿನಲ್ಲಿ ಶರಣಬಸಮ್ಮ ಕೊಡ ತುಂಬುವ ಸನ್ನೆ ಮಾಡುತ್ತಿದ್ದಾಳೆ. ಹೌದಲ್ಲ, ಐದಕ್ಕೆ ನಳದ ನೀರು ಬರುತ್ತದೆ. ಹೆಣ್ಣುಮಕ್ಕಳು ಹೇಗೆ ಬಂದಾರು? ನನಗೆ ಹೊಳೆಯಲೇ ಇಲ್ಲ.

ಆಯಿತು ತಾಯಿ, ಆರಕ್ಕೆ. ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.