ತಾನಾಗೇ ತೆರೆದ ಗೇಟು

…ಇಲ್ಲ ಮಾವ, ಕರೆಂಟ್ ಆಫ್ ಮಾಡೇ ಕೈ ಹಾಕಿರೋದು. ಅಷ್ಟೂ ಗೊತ್ತಾಗಲ್ವಾ ನನಗೆ? ಮೇನ್ ಸ್ವಿಚ್ ಇಳಿಸಿದ್ದೀನಿ, ಮೋಟರ್ ಡಬ್ಬಿಯೊಳಗಿನ ಬ್ಯಾಟರಿ ವೈರೂ ಬಿಚ್ಚಿದ್ದೀನಿ. ಬ್ಯಾಟರಿ ಯಾಕೆ ಅಂದ್ರೆ, ಕರೆಂಟ್ ಹೋದಾಗ್ಲೂ ಗೇಟ್ ಓಡ್ಬೇಕಲ್ಲ, ಅದಕ್ಕೆ. ಎಲ್ಲಾ ಬಿಡಿಸಿ ಹೇಳ್ತೀನಿ ನಿಮಗೆ. ಬಿಸಿಲು ಬೀಳ್ತಿದೆಯಾ ಮುಖಕ್ಕೆ? ಕುರ್ಚಿ ಸ್ವಲ್ಪ ಈಚೆ ಎಳೀಲಾ? ಬೇಡ್ವಾ? ಸರಿ ಸರಿ. ಭುಜ ನೋವು ಬಂದ್ರೆ ಹೇಳಿ. ಬಾಯಿಬಿಟ್ಟು ಹೇಳ್ಬೇಕು ಅಂತೇನಿಲ್ಲ, ಪಟ್ಟಿ ಕಟ್ಟದೇ ಇರೋ ಕೈ ಎತ್ತಿ, ಸಾಕು.

ನಿಮ್ಮ ಮಗಳ ಅಪ್ಪಣೆ ಇದು. "ಅಪ್ಪನ ಕಣ್ಣೆದುರಿಗೇ ರಿಪೇರಿ ಮಾಡಿ, ಗೇಟ್ ಯಾಕೆ ತಾನಾಗೇ ತೆಗೀತು ಅಂತ ಅವರಿಗೂ ಗೊತ್ತಾಗ್ಲಿ" ಅಂದ್ಲು. ನಾನೇನು ಮಾಡ್ಲಿ? ಹೆಂಡತಿ ಹೇಳಿದ ಮೇಲೆ ಮುಗೀತು. ಅದಕ್ಕೇ ನಿಮ್ಮನ್ನ ಇಲ್ಲಿ ಕೂರಿಸಿರೋದು. ಇಲ್ದಿದ್ರೆ ನಾನೊಬ್ನೇ ಮಾಡ್ಕೋತಿದ್ದೆ. ಒಬ್ನೇ ಮಾಡೋದೇ ಒಳ್ಳೇದು ಇಂಥ ಕೆಲಸ.

ನೋಡಿ, ಇದು ಮೋಟರ್. ಗೇಟಿನ ಬುಡಕ್ಕೆ ಉದ್ದಕ್ಕೂ ಗರಗಸದ ಹಾಗೆ ಇದೆಯಲ್ಲ, ಅದು ಹಲ್ಲಿನ ಪಟ್ಟಿ. ಮೋಟರಿನ ಚಕ್ರ ತಿರುಗಿದಾಗ ಹಲ್ಲಿಗೆ ಹಲ್ಲು ಕಚ್ಕೊಂಡು ಗೇಟ್ ಪಕ್ಕಕ್ಕೆ ಸರಿಯುತ್ತೆ. ರಿಮೋಟ್ ಒತ್ತಿದ್ರೆ ತೆಗೆಯುತ್ತೆ, ಇನ್ನೊಂದ್ಸಲ ಒತ್ತಿದ್ರೆ ಮುಚ್ಚುತ್ತೆ. ಮಧ್ಯೆ ಯಾರಾದ್ರೂ ಬಂದ್ರೆ, ಈ ಕಂಬದಲ್ಲಿರೋ ಪುಟ್ಟ ಕಣ್ಣು ನೋಡಿ ನಿಲ್ಲಿಸಿಬಿಡುತ್ತೆ… ಗೊತ್ತು ಅಂತೀರಾ? ಗೊತ್ತಿರುತ್ತೆ ಬಿಡಿ. ನಾನು ಇದನ್ನ ಕೂರಿಸುವಾಗ ಪಕ್ಕದಲ್ಲೇ ನಿಂತು ಗೇಲಿ ಮಾಡ್ತಿದ್ರಲ್ಲ! "ಬಂದ್ರು ನೋಡು ನಮ್ಮ ಎಂಜಿನಿಯರ್ ಸಾಹೇಬ್ರು" ಅಂತ. ಮಿಕ್ಸಿ ಬಿಚ್ಚಿ ಜೋಡಿಸಿದ್ರೆ ಬೊಗಸೆ ತುಂಬ ಸ್ಕ್ರೂ ಉಳಿಸೋ ಅಳಿಯ ಗೇಟಿಗೆ ಮೋಟರ್ ಕೂರಿಸ್ತಾನಂತೆ ಅಂತ ಮಗಳಿಗೆ ಹೇಳಿ ಎಷ್ಟು ನಕ್ಕಿದ್ರಿ. ಅವಳು ಕೆಲಸದವರನ್ನ ಕರೆಸೋಣ ಅಂದ್ಲು, ನಾನೇ ಹಟ ಹಿಡಿದೆ.

ಯಾಕೆ, ಇವತ್ತು ನಗು ಬರ್ಲಿಲ್ವಾ? ಎಂಜಿನಿಯರ್ ಸಾಹೇಬ್ರೇ ಅನ್ನಿ ಒಂದ್ಸಲ. ಅನ್ನಿ ಮಾವ… ಬೇಡ ಬಿಡಿ.

ಈ ಮೂಲೇಲಿರೋದು ಬೋರ್ಡು. ಇದೇ ಗೇಟಿನ ತಲೆ ಇದ್ದ ಹಾಗೆ. ಇದರ ಮೇಲೆ ಹಲ್ಲಿ ಕೂತಿರುತ್ತೆ ಒಂದೊಂದ್ಸಲ, ಬೆಚ್ಚಗಿರುತ್ತಲ್ಲ. ಅದರ ಬಾಲ ತಾಗಿದ್ರೂ ಸಾಕು, ರಿಮೋಟ್ ಒತ್ತಿದ್ರು ಅಂತ ತಿಳ್ಕೊಂಡು ಗೇಟ್ ತೆಗೆದುಬಿಡುತ್ತೆ. ನಿಮ್ಮ ಮಗಳಿಗೂ ಅದನ್ನೇ ಹೇಳಿದೆ. ಹಲ್ಲಿ ಕೆಲಸ ಇದು ಅಂದೆ… ಏನು ಬಗ್ಗಿ ನೋಡ್ತಿದ್ದೀರಾ? ಹಲ್ಲೀನಾ? ಈಗೆಲ್ಲಿರುತ್ತೆ ಮಾವ, ಓಡಿಹೋಗಿರುತ್ತೆ. ಮಾಡೋದೆಲ್ಲ ಮಾಡಿ ಅಲ್ಲೇ ಕೂತಿರುತ್ತಾ ಅದು? ಓಡಿಹೋಗುತ್ತೆ… ಹಲ್ಲಿ ವಿಷ್ಯ ಹೇಳ್ತಿರೋದು ನಾನು.

ಗೇಟ್ ತಾನಾಗೇ ತೆಗೀತು ಅಂತ ಮೊದಲು ಹೇಳಿದ್ದು ನೀವು. ನೆನಪಿದೆಯಾ? ಆಸ್ಪತ್ರೆಯಲ್ಲಿ ನಿಮ್ಮ ಮಗಳು ಮಂಚದ ಹತ್ರ ಬಗ್ಗಿ, "ಅಪ್ಪಾ, ಯಾಕಪ್ಪಾ ಹೊರಗೆ ಹೋದ್ರಿ, ಗೇಟ್ ಯಾರು ತೆಗೆದ್ರು" ಅಂತ ಕೇಳಿದಾಗ ನೀವೇ ಅಂದ್ರಿ, "ತಾನಾಗೇ ತೆಗೀತಮ್ಮ" ಅಂತ. ನಾನೇನೂ ಹೇಳಿಕೊಟ್ಟಿರ್ಲಿಲ್ಲ. ಬಾಗಿಲ ಹತ್ರ ನಿಂತಿದ್ದೆ, ಹೌದು ಹೌದು, ಅದು ಹಾಗೆ ಮಾಡುತ್ತೆ ಅಂದೆ. ಅಷ್ಟೇ ನಾನು ಮಾಡಿದ್ದು. ತಲೆಗೆ ಪೆಟ್ಟು ಬಿದ್ದಿದೆ, ಆ ಹೊತ್ತಿಂದು ಏನೂ ನೆನಪಿರದೇ ಇರಬಹುದು ಅಂತ ಡಾಕ್ಟರ್ ಬೇರೆ ಹೇಳಿದ್ರು. ಇರದೇ ಇರಬಹುದು ಅಂದ್ರೆ… ಇರಬಹುದು ಅಂತಾನೂ ಆಗುತ್ತೆ, ಅಲ್ವಾ? ನಿಮಗೆ ಹೇಗೆ? ಏನಾದ್ರೂ… ಸ್ವಲ್ಪ ಸ್ವಲ್ಪ?

ಹೋಗ್ಲಿ. ತಲೆಗೆ ಆಯಾಸ ಮಾಡ್ಕೋಬೇಡಿ.

ಜೇಬಲ್ಲಾ? ಏನೂ ಇಲ್ಲ, ಹಳೇ ನಟ್ಟು. ಇಲ್ಲ… ಅಯ್ಯೋ, ನೋಡಿಬಿಟ್ರಾ? ಸರಿ, ಇದು ಹಳೇ ಗೇರ್. ಡಬ್ಬಿಯೊಳಗಿಂದ ಈಗ ತಾನೇ ತೆಗೆದೆ, ಹೊಸದು ಹಾಕ್ದೆ. ಪ್ಲಾಸ್ಟಿಕ್ಕು ಇದು. ಮೋಟರಿಗೂ ಹಲ್ಲಿನ ಪಟ್ಟಿಗೂ ಮಧ್ಯೆ ಒಂದು ಕಾಗದ ತೂರುವಷ್ಟಾದ್ರೂ ಸಂದು ಬಿಡ್ಬೇಕಂತೆ. ನಾನು ಬಿಟ್ಟಿರ್ಲಿಲ್ಲ. ಗಟ್ಟಿ ಇರ್ಲಿ ಅಂತ ಒತ್ತಿ ಕೂರಿಸಿದ್ದೆ. ಗೇಟಿನ ಭಾರ ಅಷ್ಟೂ ಬಂದು ಈ ಬಡಪಾಯಿ ಮೇಲೆ ಬಿತ್ತು, ಹಲ್ಲೆಲ್ಲ ಸವೆದುಹೋಯ್ತು, ನೋಡಿ, ಬೋಳು. ಹೀಗಾದ್ರೆ ಮೋಟರ್ ಒಳಗೆ ಬರೀ ಗೊರಗೊರ ಅನ್ನುತ್ತೆ, ಗೇಟ್ ಒಂದಿಂಚೂ ಅಲ್ಲಾಡಲ್ಲ. ರಿಮೋಟ್ ಎಷ್ಟು ಒತ್ತಿದ್ರೂ…

ಅಲ್ಲ. ಅಲ್ಲಾಡುತ್ತೆ. ಒಂದೊಂದ್ಸಲ ಅಲ್ಲಾಡಬಹುದು.

ಹಾಗೆ ನೋಡ್ಬೇಡಿ ಮಾವ. ನಿಮ್ಮ ಪ್ರಶ್ನೆ ನನಗೆ ಅರ್ಥ ಆಯ್ತು. ಅಲ್ಲಾಡದೇ ಇರೋ ಗೇಟ್ ತಾನಾಗೇ ಹೇಗೆ ತೆಗೀತು ಅಂತ ತಾನೇ? ಹಲ್ಲಿ ಬಂದ್ರೂ ಅಷ್ಟೇ, ಹೆಬ್ಬಾವು ಬಂದ್ರೂ ಅಷ್ಟೇ. ಡಬ್ಬಿಗಿರೋ ಈ ಪುಟ್ಟ ಕೀ ಹಾಕಿ ಮೋಟರಿಂದ ಗೇಟನ್ನ ಬಿಡಿಸ್ಬೇಕು, ಆಮೇಲೆ ಯಾರಾದ್ರೂ ಹೆಗಲು ಕೊಟ್ಟು ತಳ್ಳಬೇಕು. ನೀವು ತಳ್ಳೋ ಮಾತೇ ಇಲ್ಲ.

ಸರಿ. ನಾನೇ ತಳ್ಳಿದ್ದು. ಮೆಲ್ಲಗೆ ಹೇಳ್ತಿದ್ದೀನಿ, ಅಡುಗೆಮನೆ ಕಿಟಕಿ ತೆಗೆದಿದೆ. ನೀವು ತುಂಬ ಕೇಳ್ಕೊಂಡ್ರಿ ಅಂತ ತಳ್ಳಿದೆ. ಎಡಗಣ್ಣು ಮಂಜಾದ ಮೇಲೆ ಕಾರು ಮುಟ್ಟಬೇಡಿ ಅಂತ ಮಗಳು ಕಾರಿನ ಕೀ ಬಚ್ಚಿಟ್ಟಿದ್ಲು, ನಿಮಗೆ ಆಸೆ. ಬೀದಿ ತುದಿವರೆಗೂ ಒಂದ್ಸಲ ಅಂದ್ರಿ… ಅನ್ನಲಿಲ್ವಾ?

ಇಲ್ಲ. ನೀವು ಅನ್ನಲಿಲ್ಲ. ನೀವು ಪೇಪರ್ ಓದ್ತಾ ಕೂತಿದ್ರಿ. ನಾನೇ ಬಂದು ಕೇಳಿದ್ದು. ಸಂಜೆ ಅವಳು ಆಫೀಸಿಂದ ಬರೋಷ್ಟರಲ್ಲಿ ಗೇರ್ ತಂದು ಹಾಕಿಬಿಡ್ಬೇಕಿತ್ತು ನನಗೆ, ಗೇಟ್ ಕೆಡಿಸಿದೆ ಅಂತ ಗೊತ್ತಾಗ್ಬಾರದಿತ್ತು. ಅಂಗಡಿ ಊರಿನ ಆ ಕೊನೆ. ನನಗೋ ಕಾರು ಬರಲ್ಲ, ಕಲಿಯೋಕೆ ಹೋಗಿ ಬಿಟ್ಟೋನು. ಬೀರುವಿನಲ್ಲಿ ಬಟ್ಟೆ ಮಧ್ಯೆ ಇದ್ದ ಕೀ ತೆಗೆದಿದ್ದೂ ನಾನೇ. ಅಪ್ಪ ಕದ್ದು ತಗೊಂಡಿದ್ದಾರೆ ಅಂತ ಅವಳು ಅತ್ಲು, ನೀವು ತಲೆ ತಗ್ಗಿಸ್ಕೊಂಡು ಕೂತ್ರಿ. ನಾನು ಏನು ಮಾಡ್ದೆ ಗೊತ್ತಾ? ಅವಳಿಗೆ ಸಮಾಧಾನ ಹೇಳ್ದೆ! ವಯಸ್ಸಾಯ್ತಲ್ಲ, ಬಿಡು ಅಂದೆ.

ಆದ್ರೆ ಮಾವ, ಕೀ ಕೊಟ್ಟು, ಗೇಟ್ ತಳ್ಳಿ, ನಾನು ಇಲ್ಲೇ ಉಳಿದೆ. ನೀವೊಬ್ರೇ ಹೋದ್ರಿ. ಆಮೇಲಿಂದು ನನಗೇನು ಗೊತ್ತು? ಬೀದಿ ತುದೀಲಿರೋ ಆ ತಿರುವೇ ಕೆಟ್ಟದ್ದು. ಯಾರಿದ್ರೂ ಅಷ್ಟೇ ಆಗ್ತಿತ್ತು. ಆ ತಳ್ಳುಗಾಡಿಯವನು ಎಡಗಡೆಯಿಂದ ಸರಕ್ಕನೆ ನುಗ್ಗಿಬಿಟ್ಟ, ಅವನನ್ನ ತಪ್ಪಿಸೋಕೆ ಹೋಗಿ ಲೈಟ್ ಕಂಬಕ್ಕೆ…

…

ತಳ್ಳುಗಾಡಿ ಅಂತ ಯಾರೋ ಹೇಳಿದ್ರು. ಆಸ್ಪತ್ರೆಯಲ್ಲಿ. ನರ್ಸ್ ಇರ್ಬೇಕು.

ಯಾರೂ ಹೇಳ್ಲಿಲ್ಲ. ಅವನು ಗಾಡಿ ತಳ್ಕೊಂಡು ಹೊರಟೇಹೋದ. ಅವನನ್ನ ನೋಡಿದ್ದು ಇಬ್ರೇ, ಅದೂ ತೀರ ತಡವಾಗಿ. ನೀವು ಮೊದಲೇ ಹೇಳಿದ್ರಿ, "ಎಡಗಡೆ ನನಗೆ ಕಾಣಲ್ಲಪ್ಪಾ" ಅಂತ. "ಎಡಗಡೆ ನಾನು ನೋಡ್ತೀನಿ ಮಾವ, ನೀವು ಸುಮ್ನೆ ಓಡಿಸಿ, ನಿಮ್ಮ ಎಡಗಣ್ಣು ನಾನೇ ಅಂತ ತಿಳ್ಕೊಳ್ಳಿ" ಅಂದೆ. ಎಷ್ಟು ಖುಷಿಯಾಗಿತ್ತು ನಿಮಗೆ! ಸೀಟು ಮುಂದೆ ಎಳ್ಕೊಂಡ್ರಿ, ಕನ್ನಡಿ ಒರೆಸಿದ್ರಿ, ಮದುವೆ ಗಂಡಿನ ಹಾಗೆ ಕೂತ್ರಿ. ತಿರುವು ಬಂದಾಗ, "ನೋಡಪ್ಪಾ, ಯಾರೂ ಇಲ್ವಾ" ಅಂದ್ರಿ. ನಾನು ಇಲ್ಲ ಅಂದೆ. ಮೊಬೈಲಲ್ಲಿ ಗೇರಿನ ಫೋಟೋ ನೋಡ್ತಿದ್ದೆ ಮಾವ. ಅಂಗಡಿಯವನು ಯಾವ ಸೈಜು ಅಂತ ಕೇಳಿದ್ರೆ ತೋರಿಸೋಣ ಅಂತ. ತಲೆ ಎತ್ತದೇ ಇಲ್ಲ ಅಂದುಬಿಟ್ಟೆ.

ಬೈಯಿರಿ. ಎದುರಿಗೇ ಇದ್ದೀನಿ, ಬೈಯಿರಿ. ಅಥವಾ ಏನು ಹೇಳ್ತಿದ್ದೀಯೋ ನೀನು, ನೀನೂ ಕಾರಲ್ಲಿದ್ಯಾ ಅಂತಾದ್ರೂ ಕೇಳಿ. ಗಾಬರಿಯಾಗಿ ಎದ್ದು ಕೂರಿ…

ನಿಮಗೆ ಆಶ್ಚರ್ಯಾನೇ ಆಗ್ಲಿಲ್ಲ.

ಅಯ್ಯೋ. ಮಾವ, ನಿಮಗೆ ಚೂರೂ ಆಶ್ಚರ್ಯ ಆಗ್ಲಿಲ್ಲ.

ನೀವು ಸ್ಟಿಯರಿಂಗ್ ಮೇಲೆ ಬಿದ್ದಿದ್ರಿ. ಹಣೆಯಿಂದ ರಕ್ತ. ಮಾವ ಅಂತ ಕರೆದೆ, ಭುಜ ಹಿಡಿದು ಅಲ್ಲಾಡಿಸಿದೆ. ಉಸಿರಿತ್ತು, ನೋಡ್ಕೊಂಡೆ, ಅಷ್ಟು ಮಾತ್ರ ನೋಡ್ಕೊಂಡೆ. ನೀವು ನನ್ನ ಕಡೆ ಮುಖ ತಿರುಗಿಸಿ, ಕಣ್ಣು ಬಿಟ್ಟು, ಆಮೇಲೆ ಮುಚ್ಚಿದ್ರಿ. ಎಚ್ಚರ ತಪ್ತು ಅಂದ್ಕೊಂಡೆ. ಯಾರನ್ನಾದ್ರೂ ಕರ್ಕೊಂಡು ಬರ್ತೀನಿ ಅಂತಾನೇ ಇಳಿದೆ ಮಾವ, ಸುಳ್ಳಲ್ಲ. ನಾಲ್ಕು ಹೆಜ್ಜೆ ಹಾಕೋವರೆಗೂ ಹಾಗೇ ಇತ್ತು ಮನಸ್ಸಲ್ಲಿ. ತಿರುವಿನ ಹತ್ರದ ಅಂಗಡಿಯವರು ಓಡಿ ಬರೋದು ಕಾಣ್ತು. ಅವರು ನೋಡ್ಕೋತಾರೆ ಅನ್ನಿಸ್ತು. ಕಾಲು ಮನೆ ಕಡೆ ತಿರುಗಿಬಿಡ್ತು. ಗೇಟ್ ತಳ್ಳಿ ಮುಚ್ಚಿ, ಕೈ ತೊಳ್ಕೊಂಡು, ಅವಳ ಫೋನ್ ಬರೋವರೆಗೂ ಸೋಫಾ ಮೇಲೆ ಕೂತಿದ್ದೆ. ಅವಳು ಅಳ್ತಾ ಹೇಳಿದಾಗ "ಏನು? ಎಲ್ಲಿ? ಯಾವಾಗ?" ಅಂತ ಕೇಳಿದೆ. ಒಂದೊಂದಾಗಿ ಮೂರೂ ಕೇಳಿದೆ.

ಮಾವ, ಆವಾಗ… ನಾನು ಕಾರಿನ ಬಾಗಿಲು ತೆಗೆದಾಗ… ನಿಮಗೆ ಎಚ್ಚರ ಇತ್ತಾ?

ನಾನು ಹೋಗ್ಲಿ ಅಂತ ಕಣ್ಣು ಮುಚ್ಚಿದ್ರಾ?

ಹೇಳಿ. ಇಲ್ಲ ಅನ್ನಿ. ತಲೆ ಅಲ್ಲಾಡಿಸಿದ್ರೂ ಸಾಕು…

ಆಂ? ಆಯ್ತು ಕಣೇ, ಆಗ್ತಾ ಬಂತು! …ಕೇಳಿದ್ರಾ? ಹೊತ್ತಾಯ್ತು, ಅಪ್ಪನ್ನ ಹೊರಡಿಸಿ ಅಂತಿದ್ದಾಳೆ. ಮರೆವಿನ ಡಾಕ್ಟರ್ ಹತ್ರ. ಎಲ್ಲಿಗೆ ಹೊರಟಿದ್ರಿ ಅಂದ್ರೂ ಗೊತ್ತಿಲ್ಲ, ಕೀ ಎಲ್ಲಿಂದ ತಂದ್ರಿ ಅಂದ್ರೂ ಗೊತ್ತಿಲ್ಲ ಅಂದ್ರೆ ಅವಳಾದ್ರೂ ಏನು ಮಾಡ್ತಾಳೆ? ಬುದ್ಧಿ ಜಾರ್ತಿದೆ ಅಂದ್ಕೊಂಡಿದ್ದಾಳೆ. ಇನ್ಮೇಲೆ ಅಪ್ಪನ್ನ ಒಬ್ಬರನ್ನೇ ಬಿಡೋ ಹಾಗಿಲ್ಲ, ರಾತ್ರಿ ರೂಮಿಗೆ ಹೊರಗಿಂದ ಚಿಲಕ ಹಾಕ್ಬೇಕು ಅಂತಿದ್ಲು ಬೆಳಗ್ಗೆ…

ಯಾಕೆ ಎದ್ರಿ? ಎಲ್ಲಿಗೆ? ನಿಜವಾಗ್ಲೂ ಹೊರಟ್ರಾ? ಮಾವ, ಅಲ್ಲಿ ಹೋಗಿ ಏನು ಹೇಳ್ತೀರಾ? ಇವತ್ತು ಯಾವ ವಾರ ಅಂತ ಕೇಳಿದ್ರೆ ಗೊತ್ತಿಲ್ಲ ಅಂತೀರಾ? ಮಗಳ ಹೆಸರು ಕೇಳಿದ್ರೂ? ನನಗೋಸ್ಕರ ಅದನ್ನೂ ಮರೀತೀರಾ?

ಬೇಡ. ಚಪ್ಪಲಿ ಹಾಕ್ಕೋಬೇಡಿ, ದಮ್ಮಯ್ಯ.

ಏ, ಇವಳೇ! ಬಾ ಇಲ್ಲಿ ಸ್ವಲ್ಪ… ಗೇಟಲ್ಲ, ಗೇಟ್ ಹಾಳಾಗ್ಲಿ, ನೀನು ಬಾ. ಬರೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ನಾವು ಬರ್ತಿಲ್ಲ ಅಂತ ಹೇಳಿಬಿಡು… ಯಾಕಾ? ಅಪ್ಪನಿಗೆ ಎಲ್ಲಾ ನೆನಪಿದೆ ಕಣೇ, ಅದಕ್ಕೆ.